ಸಣ್ಣ ಮುಖದ ನೋಟು

ಸಂಬಳದ ದಿನ ನಾನು ಓಡುತ್ತೇನೆ, ಡಾರಿಯೋ,
ಇಪ್ಪತ್ತೆರಡು ವರ್ಷದಿಂದ ನಿನಗಿದು ಗೊತ್ತು.
ಬೆಳಗಿನ ಪೆಸೊ ಸಂಜೆಗೆ ಹಳಸುತ್ತದೆ,
ಹಾಲಿಗಾದರೂ ಫ್ರಿಜ್ಜಿದೆ, ಇದಕ್ಕೇನಿದೆ?
ಅದಕ್ಕೇ ಕೊಳ್ಳುತ್ತೇನೆ
ಸಕ್ಕರೆ ಪಾಕದ ಪೀಚು, ಹನ್ನೆರಡು ಡಬ್ಬಿ.
ನಮಗಿಲ್ಲದ ಕಾರಿಗೆ ಎರಡು ಟೈರು.
ಒಮ್ಮೆ ಮುನ್ನೂರು ಇಟ್ಟಿಗೆ.
ಗೋಡೆ ಎಲ್ಲಿ, ಸಿಲ್ವಾನಾ, ಎಂದು ಕೇಳಿದೆ ನೀನು.
ಗೋಡೆ ಆಮೇಲೆ, ಎಂದೆ.

ನೀನೋ, ದೀಪಗಳನ್ನು ಆರಿಸುತ್ತಾ ಬರುತ್ತೀಯ,
ನಾನಿನ್ನೂ ಓದುತ್ತಿರುವ ಕೋಣೆಯದನ್ನೂ.
ಹೀರಿ ಮುಗಿಸಿದ ಮಾಟೆಯ ಎಲೆಯನ್ನು
ಕಿಟಕಿಯ ಬಿಸಿಲಿಗೆ ಹರವಿ
ನಾಳೆ ಮತ್ತೆ ಬಿಸಿನೀರು ಹೊಯ್ಯುತ್ತೀಯ;
ಬಣ್ಣವಿದೆಯಲ್ಲ, ಅನ್ನುತ್ತೀಯ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಅನ್ನುತ್ತೀಯ,
ಹಾಸಿಗೆಯೊಳಗೇ ಡಾಲರು ಹೊಲಿದಿಟ್ಟವನು!
ನಾನು ಕಾಲು ಚಾಚಿದಾಗೆಲ್ಲ
ಯಾರೋ ಪರದೇಶದ ಮುದುಕ
ಹಿಮ್ಮಡಿಯ ಕೆಳಗೆ ಸರಸರ ಅನ್ನುತ್ತಾನೆ.

ನಾವು ಸಿಕ್ಕಿದ್ದು ಒಂದೇ ಸಾಲಿನಲ್ಲಿ.
ರೊಸಾರಿಯೋದ ಡಿಸೆಂಬರ್ ಸೆಖೆ,
ಗಾಜಿಗೆ ತಗಡು ಬಡಿದುಕೊಂಡ ಬ್ಯಾಂಕು.
ನಿನ್ನಪ್ಪನ ಪಾಸುಬುಕ್ಕು ನಿನ್ನ ಅಂಗಿಯೊಳಗಿತ್ತು,
ಬಾಣಂತಿ ಕೂಸನ್ನು ಬೆಚ್ಚಗಿಟ್ಟ ಹಾಗೆ.
ನಾನು ಅಜ್ಜಿಯ ಬಾಣಲೆ ಬಡಿಯುತ್ತಿದ್ದೆ,
ಬಡಿದು ಬಡಿದು ಮರದ ಸೌಟು ಮುರಿಯಿತು.
ಆಗ ನೀನು ಎಡಗಾಲಿನ ಬೂಟು ಕಳಚಿ ಕೊಟ್ಟೆ,
ಇದರಲ್ಲಿ ಬಡಿ, ಎಂದೆ.
ಲೆಕ್ಕ ಹಾಕದೆ ನೀನು ಕೊಟ್ಟದ್ದು
ನಾನು ಕಂಡ ಮಟ್ಟಿಗೆ ಅದೊಂದೇ.

ಅದೇ ಬಾಗಿಲು ನಿನಗೆ ಹೇಳಿತು, ಬಿಗಿಯಾಗಿ ಹಿಡಿ.
ನನಗೆ ಹೇಳಿತು, ಕೈಯಲ್ಲಿದ್ದಾಗಲೇ ಉಣ್ಣು.
ಈಗ ಅಲ್ಲಿ ಒಳಉಡುಪಿನ ಅಂಗಡಿ,
ಹೋದ ತಿಂಗಳು ನಾನಲ್ಲಿ ಎರಡು ಕೊಂಡೆ,
ನಿನಗೆ ಹೇಳಿದ್ದು ಒಂದು.

ಮಂಗಳವಾರ, ನಾನು ಕೆಲಸಕ್ಕೆ ಹೋದ ಮೇಲೆ,
ಹಾಸಿಗೆಯ ಹೊಲಿಗೆ ಬಿಚ್ಚಿದೆಯಂತೆ.
ನೋಟು ಬದಲಿಸುವ ಹುಡುಗ
ದೀಪಕ್ಕೆ ಹಿಡಿದು ನೋಡಿ ತಲೆಯಾಡಿಸಿದನಂತೆ:
ಹಳೆಯವು ಇವು, ಮುದುಕನ ಮುಖ ಸಣ್ಣದು,
ಈಗಿನವುಗಳಲ್ಲಿ ದೊಡ್ಡದು.
ಸಣ್ಣ ಮುಖದ ನೂರಕ್ಕೆ ತೊಂಬತ್ತೆರಡೇ.
ಅದೇ ದೇಶ, ಅದೇ ಮುದುಕ, ಅದೇ ನೂರು,
ಎಂದು ನೀನು ವಾದಿಸಿರಬೇಕು.
ಅಷ್ಟು ವರ್ಷ ಬೆನ್ನಡಿಯಲ್ಲಿ ಕಾವು ಕೊಟ್ಟರೂ
ಮರಿಯಾಗದ ಮೊಟ್ಟೆ.

ಮುಖ ಸಣ್ಣ ಮಾಡಿಕೊಂಡೇ ಮನೆಗೆ ಬಂದೆ.
ಆದರೆ ಹೆಗಲ ಮೇಲೆ ಸಿಮೆಂಟಿನ ಚೀಲ,
ಬಾಗಿಲಲ್ಲಿ ಇನ್ನೂ ಮೂರು.
ಗೋಡೆಗೆ, ಎಂದೆ, ನನ್ನತ್ತ ನೋಡದೆ.
ಬೇಗ ಆಗಬೇಕು, ಇದನ್ನು ಕೂಡಿಡಲಾಗದು,
ತೇವಕ್ಕೆ ಗಟ್ಟಿಯಾಗಿಬಿಡುತ್ತದೆ.
ನಿನ್ನ ಬಾಯಲ್ಲಿ ಆ ಮಾತು!
ನಗು ಬಂತು, ನಗಲಿಲ್ಲ.

ಇಟ್ಟಿಗೆಗೆ ಪಾಚಿ ಹಿಡಿದಿತ್ತು, ಅರವತ್ತು ಒಡೆದಿದ್ದವು.
ಉಳಿದದ್ದರಲ್ಲಿ ಎದ್ದ ಗೋಡೆ ಮೊಳಕಾಲೆತ್ತರ.
ಇನ್ನೂರು ಕೊಂಡರೆ ಸೊಂಟಕ್ಕೆ ಬರುತ್ತದೆ, ಎಂದೆ ನಾನು.
ಇಷ್ಟೇ ಸಾಕು, ಕೂರಲು ಬಂತಲ್ಲ, ಎಂದೆ ನೀನು.
ಕೂತೆವು.
ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು,
ಪರಾನಾದ ಕೆಸರು ವಾಸನೆಯ ಗಾಳಿ.
ಪೀಚಿನ ಡಬ್ಬಿ ಒಡೆದೆವು.
ಅರ್ಧ ಮುಗಿಯುತ್ತಲೇ ನೀನು ತಟ್ಟೆ ಮುಚ್ಚಿದೆ,
ನಾಳೆಗೆ.

ರಾತ್ರಿ ನೀರಿಗೆಂದು ಎದ್ದರೆ
ಅಡುಗೆಮನೆಯಲ್ಲಿ ಚಮಚದ ಸದ್ದು.
ದೀಪ ಹಾಕದೆ, ಬರಿಗಾಲಲ್ಲಿ ನಿಂತು
ನೀನು ನಾಳೆಯನ್ನು ತಿನ್ನುತ್ತಿದ್ದೆ,
ಪಾಕವನ್ನೂ ಕುಡಿದೆ, ಡಬ್ಬಿ ಎತ್ತಿ, ಕೊನೆಯ ಹನಿವರೆಗೆ.

ಸದ್ದಾಗದಂತೆ ಹಿಂದೆ ಬಂದೆ.
ಮಲಗಿ, ಕಾಲು ಪೂರ್ತಿ ಚಾಚಿದೆ.
ಹಿಮ್ಮಡಿಯ ಕೆಳಗೆ
ಯಾರೂ ಸರಸರ ಅನ್ನಲಿಲ್ಲ.